ಗೆದ್ದವರ ಹೆಸರು ಎರಡನೇ ಸಾಲಿನಲ್ಲಿ

2025ರ ಮೇ 25ರಂದು ಪ್ಯಾರಿಸ್ಸಿನ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣದಲ್ಲಿ ರಫೆಲ್ ನಡಾಲ್ ಅವರಿಗೆ ಗೌರವ ಸಮರ್ಪಣೆ ನಡೆಯಿತು. ಆವೆಮಣ್ಣಿನ ಬಣ್ಣದ ಅಂಗಿ ತೊಟ್ಟ ಸಾವಿರಾರು ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದು ಕಾಲದ ಎದುರಾಳಿಗಳಾದ ರೋಜರ್ ಫೆಡರರ್, ನೊವಾಕ್ ಜೊಕೊವಿಚ್ ಮತ್ತು ಆ್ಯಂಡಿ ಮರ್ರೆ ಅಂಕಣಕ್ಕೆ ಬಂದು ನಡಾಲ್‌ರನ್ನು ಅಪ್ಪಿಕೊಂಡರು. ಅಂಕಣದ ಅಂಚಿನಲ್ಲಿ ಅವರ ಪಾದದ ಅಚ್ಚುಳ್ಳ ಫಲಕವೊಂದು ಅನಾವರಣಗೊಂಡಿತು. ಅದೇ ಮಣ್ಣಿನ ಮೇಲೆ 14 ಸಲ ಪ್ರಶಸ್ತಿ ಗೆದ್ದ ಆಟಗಾರನಿಗೆ ಇದು ತಕ್ಕ ಮರ್ಯಾದೆಯೇ ಸರಿ.

ದೂರದರ್ಶನದ ಮುಂದೆ ಕುಳಿತು ಆ ಸಮಾರಂಭವನ್ನು ನೋಡುತ್ತಿದ್ದ ನನಗೆ ಮಾತ್ರ ಬೇರೊಂದು ಹೆಸರು ನೆನಪಾಗುತ್ತಿತ್ತು. ಫ್ರೆಂಚ್ ಓಪನ್‌ನಲ್ಲಿ ನಡಾಲ್ ಆಡಿದ ಪಂದ್ಯಗಳು 116. ಗೆದ್ದದ್ದು 112. ಸೋತದ್ದು ನಾಲ್ಕೇ ನಾಲ್ಕು. ಆ ನಾಲ್ಕರಲ್ಲಿ ಎರಡು ಸೋಲು ಜೊಕೊವಿಚ್ ಎದುರು, 2015 ಮತ್ತು 2021ರಲ್ಲಿ. ಇನ್ನೊಂದು ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಎದುರು, 2024ರಲ್ಲಿ. ಅಷ್ಟು ಹೊತ್ತಿಗೆ ನಡಾಲ್ ಅವರ ದೇಹ ಮಾತು ಕೇಳುವುದನ್ನು ಬಿಟ್ಟಿತ್ತು. ಉಳಿದ ಒಂದು ಸೋಲೇ ಮೊದಲನೆಯದು. ಅದು ಒದಗಿದ್ದು 2009ರ ಮೇ 31ರಂದು. ಸೋಲಿಸಿದವರು ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್.

ಆ ದಿನ ಭಾನುವಾರ. ನಾನಾಗ ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಉಪಸಂಪಾದಕನಾಗಿದ್ದೆ. ಅಂದು ರಾತ್ರಿ ಪಾಳಿ ನನ್ನದು. ಪುಟ ಬಹುಮಟ್ಟಿಗೆ ಸಿದ್ಧವಾಗಿತ್ತು. ಟೆನಿಸ್‌ಗೆಂದು ಕೆಳಗಡೆ ಎರಡು ಕಾಲಂ ಜಾಗವನ್ನಷ್ಟೇ ಬಿಟ್ಟಿದ್ದೆ. ‘ನಡಾಲ್ ಮುನ್ನಡೆ’ ಎಂಬ ಶೀರ್ಷಿಕೆಯನ್ನು ಪಂದ್ಯ ಮುಗಿಯುವ ಮುನ್ನವೇ ಬರೆದಿಟ್ಟುಕೊಂಡಿದ್ದೆ ಎಂದರೆ ನನ್ನ ಆತ್ಮವಿಶ್ವಾಸ ಎಷ್ಟಿತ್ತೆಂಬುದನ್ನು ಓದುಗರು ಊಹಿಸಬಹುದು. ಆ ಶೀರ್ಷಿಕೆಯನ್ನು ಹರಿದು ಹಾಕಬೇಕಾಯಿತು. ಅದರ ಜಾಗದಲ್ಲಿ ನಾನು ಬರೆದದ್ದು ‘ನಡಾಲ್‌ಗೆ ಆಘಾತ’ ಎಂದು. ಸೋಡರ್ಲಿಂಗ್ ಹೆಸರು ಬಂದದ್ದು ಅದರ ಕೆಳಗಿನ ಸಣ್ಣ ಅಕ್ಷರಗಳ ಎರಡನೇ ಸಾಲಿನಲ್ಲಿ. ಗೆದ್ದವರ ಹೆಸರನ್ನು ಕೆಳಗಿಟ್ಟು ಸೋತವರ ಹೆಸರನ್ನು ಮೇಲಿಟ್ಟ ಆ ಶೀರ್ಷಿಕೆಯನ್ನು ಬರೆಯುವಾಗ ನನಗೇನೂ ಅನ್ನಿಸಿರಲಿಲ್ಲ. ಸುದ್ದಿಯ ಲೆಕ್ಕದಲ್ಲಿ ಅದು ಸರಿಯೂ ಆಗಿತ್ತು. ಆದರೆ ಆ ಮನುಷ್ಯನ ಮುಂದಿನ ಕತೆ ಗೊತ್ತಾದ ಮೇಲೆ, ಕ್ರೀಡಾಪಟುಗಳನ್ನು ನಾವು ನೋಡುವ ರೀತಿಯಲ್ಲೇ ಏನೋ ಕೊರತೆಯಿದೆ ಎಂದು ನನಗನ್ನಿಸತೊಡಗಿದೆ.

ಸೋಡರ್ಲಿಂಗ್ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ, ಟಿಬ್ರೊ ಎಂಬ ಸಣ್ಣ ಊರಿನಲ್ಲಿ. ಅದು ಸ್ವೀಡನ್ ಟೆನಿಸ್ಸಿನ ಹೊನ್ನಿನ ಕಾಲ. ಬ್ಯೋರ್ನ್ ಬೋರ್ಗ್ 11 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದು ಆಗಷ್ಟೇ ನಿವೃತ್ತರಾಗಿದ್ದರು. ಮ್ಯಾಟ್ಸ್ ವಿಲಾಂಡರ್ ಉತ್ತುಂಗದಲ್ಲಿದ್ದರು, ಸ್ಟೀಫನ್ ಎಡ್ಬರ್ಗ್ ಬಾಗಿಲಲ್ಲಿ ನಿಂತಿದ್ದರು. ಮುಂದೆ ವಿಲಾಂಡರ್ ಏಳು, ಎಡ್ಬರ್ಗ್ ಆರು ಗ್ರ್ಯಾನ್‌ಸ್ಲಾಮ್ ಗೆದ್ದರು. 1983ರಿಂದ 1989ರವರೆಗೆ ಸತತ ಏಳು ವರ್ಷ ಸ್ವೀಡನ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತು. ನಮ್ಮಲ್ಲಿನ ಹಿರಿಯ ಓದುಗರಿಗೆ 1987ರ ಫೈನಲ್ ನೆನಪಿರಬೇಕು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ ಮಣಿಸಿದ್ದ ವಿಜಯ್ ಅಮೃತರಾಜ್, ರಮೇಶ್ ಕೃಷ್ಣನ್ ಅವರ ತಂಡ ಗೋಥೆನ್‌ಬರ್ಗ್‌ಗೆ ಹೋಗಿ 5-0ಯಿಂದ ಸೋತು ಬಂದಿತ್ತು. ಸುಮಾರು 80 ಲಕ್ಷ ಜನಸಂಖ್ಯೆಯ, ವರ್ಷದ ಅರ್ಧ ಭಾಗ ಚಳಿಯಲ್ಲಿ ಮುದುಡುವ ದೇಶವೊಂದು ಇಷ್ಟೊಂದು ಆಟಗಾರರನ್ನು ಹೇಗೆ ತಯಾರು ಮಾಡುತ್ತದೆ ಎಂದು ಆಗ ನಾವೆಲ್ಲ ಬೆರಗಾಗಿದ್ದೆವು.

ಸೋಡರ್ಲಿಂಗ್ ವೃತ್ತಿಗೆ ಇಳಿಯುವ ಹೊತ್ತಿಗೆ ಆ ಹೊಳೆ ಬತ್ತುತ್ತಾ ಬಂದಿತ್ತು. 2002ರಲ್ಲಿ ಥಾಮಸ್ ಜೋಹಾನ್ಸನ್ ಆಸ್ಟ್ರೇಲಿಯನ್ ಓಪನ್ ಗೆದ್ದದ್ದೇ ಕೊನೆ. ಹಾಗಾಗಿ ಆರು ಅಡಿ ನಾಲ್ಕು ಅಂಗುಲ ಎತ್ತರದ, ಬಿರುಸಾದ ಫೋರ್‌ಹ್ಯಾಂಡ್ ಹೊಡೆತದ ಈ ಹುಡುಗನ ಮೇಲೆ ಇಡೀ ದೇಶದ ನಿರೀಕ್ಷೆ ಕುಳಿತಿತ್ತು. ದೊಡ್ಡಪ್ಪ, ಚಿಕ್ಕಪ್ಪಂದಿರೆಲ್ಲ ರ್‍ಯಾಂಕ್ ಪಡೆದ ಮನೆಯಲ್ಲಿ ಕೊನೆಯ ಮಗನಾಗಿ ಹುಟ್ಟಿದವರಿಗೆ ಈ ಭಾರ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆರಂಭದ ವರ್ಷಗಳಲ್ಲಿ ಅವರು ನಿರೀಕ್ಷೆಗೆ ತಕ್ಕಂತೆ ಆಡಲಿಲ್ಲ. ಹೊಡೆತದಲ್ಲಿ ಬಲವಿತ್ತು, ತಾಳ್ಮೆಯಿರಲಿಲ್ಲ. 2009ರ ಫ್ರೆಂಚ್ ಓಪನ್‌ಗೆ ಮುನ್ನ ಯಾವ ಗ್ರ್ಯಾನ್‌ಸ್ಲಾಮ್ ಟೂರ್ನಿಯಲ್ಲೂ ಅವರು ಮೂರನೇ ಸುತ್ತನ್ನು ದಾಟಿರಲಿಲ್ಲ. ಸಹ ಆಟಗಾರರ ನಡುವೆ ಅವರಿಗೆ ಒಳ್ಳೆಯ ಹೆಸರೂ ಇರಲಿಲ್ಲ. 2007ರ ವಿಂಬಲ್ಡನ್ ಮೂರನೇ ಸುತ್ತಿನಲ್ಲಿ ಮಳೆಯಿಂದಾಗಿ ಐದು ದಿನಗಳಷ್ಟು ಎಳೆದ ಪಂದ್ಯದಲ್ಲಿ, ಸರ್ವ್ ಮಾಡುವ ಮುನ್ನ ಚಡ್ಡಿ ಸರಿಪಡಿಸಿಕೊಳ್ಳುವ ನಡಾಲ್ ಅವರ ಅಭ್ಯಾಸವನ್ನು ಸೋಡರ್ಲಿಂಗ್ ಅಂಕಣದಲ್ಲೇ ಅಣಕಿಸಿ ತೋರಿಸಿದ್ದರು. ಐದನೇ ಸೆಟ್‌ನಲ್ಲಿ ಗೆದ್ದ ನಡಾಲ್, ಈತ ಎದುರಾದಾಗ ನಮಸ್ಕಾರವನ್ನೂ ಹೇಳುವುದಿಲ್ಲ ಎಂಬರ್ಥದಲ್ಲಿ ಬೇಸರ ತೋಡಿಕೊಂಡಿದ್ದರು. ಒಟ್ಟಿನಲ್ಲಿ ಪತ್ರಿಕೆಗಳಿಗೆ ಅವರೊಬ್ಬ ಒರಟ; ಅದಕ್ಕಿಂತ ಹೆಚ್ಚಿನ ಪರಿಚಯದ ಅಗತ್ಯ ನಮಗೆ ಕಂಡಿರಲಿಲ್ಲ.

ಬದಲಾವಣೆ ಬಂದದ್ದು ಮ್ಯಾಗ್ನಸ್ ನಾರ್ಮನ್ ತರಬೇತುದಾರರಾದ ಮೇಲೆ. ನಾರ್ಮನ್ ಕೂಡ ಸ್ವೀಡನ್ನಿನವರೇ. 2000ದ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಗುಸ್ತಾವೊ ಕುಯೆರ್ಟನ್‌ಗೆ ಸೋತವರು. ವಿಶ್ವದ ಎರಡನೇ ಕ್ರಮಾಂಕಕ್ಕೆ ಏರಿದ್ದರೂ ಸೊಂಟದ ಗಾಯದಿಂದ ಬೇಗನೆ ಆಟ ಬಿಡಬೇಕಾಗಿ ಬಂದವರು. ಬಲವಾಗಿ ಹೊಡೆಯುವುದನ್ನು ಸೋಡರ್ಲಿಂಗ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಪಾಯಿಂಟ್ ಹೋದರೆ ಮುಂದಿನ ಪಾಯಿಂಟ್‌ಗೆ ಮನಸ್ಸನ್ನು ತರುವುದು ಬೇಕಾಗಿತ್ತು. ನಾರ್ಮನ್ ಜೊತೆಗಿದ್ದ ಎರಡು ವರ್ಷಗಳಲ್ಲಿ ಅದು ಕಾಣಿಸಿತು. ಮುಂದೆ ಸ್ಟಾನಿಸ್ಲಾಸ್ ವಾವ್ರಿಂಕಾ ಅವರ ಮೂರು ಗ್ರ್ಯಾನ್‌ಸ್ಲಾಮ್ ಗೆಲುವುಗಳ ಹಿಂದೆಯೂ ಇದೇ ನಾರ್ಮನ್ ಇದ್ದರೆಂಬುದನ್ನು ಗಮನಿಸಿದರೆ ಈ ಗುರುವಿನ ಶಕ್ತಿ ತಿಳಿಯುತ್ತದೆ.

ಮತ್ತೆ ಆ ಭಾನುವಾರಕ್ಕೆ ಬರೋಣ. ನಡಾಲ್ ಸತತ ನಾಲ್ಕು ವರ್ಷಗಳ ಚಾಂಪಿಯನ್. ಆ ಅಂಕಣದಲ್ಲಿ ಆಡಿದ 31 ಪಂದ್ಯಗಳನ್ನೂ ಗೆದ್ದವರು. ಕೆಲವೇ ವಾರಗಳ ಹಿಂದೆ ರೋಮ್‌ನಲ್ಲಿ ಇದೇ ಸೋಡರ್ಲಿಂಗ್ ಅವರನ್ನು 6-1, 6-0ಯಿಂದ ಸೋಲಿಸಿದ್ದರು. ನಡಾಲ್ ಅವರ ಹೊಡೆತಕ್ಕೆ ಒಂದು ವಿಶೇಷವಿತ್ತು. ಚೆಂಡಿಗೆ ಅವರು ಕೊಡುತ್ತಿದ್ದ ಸುತ್ತಿನಿಂದಾಗಿ ಅದು ಆವೆಮಣ್ಣಿಗೆ ಬಿದ್ದೊಡನೆ ಎದುರಾಳಿಯ ಹೆಗಲೆತ್ತರಕ್ಕೆ ಪುಟಿಯುತ್ತಿತ್ತು. ಸಾಮಾನ್ಯ ಎತ್ತರದ ಆಟಗಾರರು ಹಿಂದೆ ಸರಿದು, ಕೈಮೇಲೆತ್ತಿ, ಹೇಗೋ ಮರಳಿಸುತ್ತಿದ್ದರು. ಸೋಡರ್ಲಿಂಗ್ ಅಂದು ಹಿಂದೆ ಸರಿಯಲಿಲ್ಲ. ಉಳಿದವರಿಗೆ ಹೆಗಲೆತ್ತರದ ಕಷ್ಟವಾಗಿದ್ದ ಚೆಂಡು ಅವರ ನಿಲುವಿಗೆ ಎದೆಯೆತ್ತರದ ಅವಕಾಶವಾಯಿತು. ಪ್ರತಿ ಚೆಂಡನ್ನೂ ಚಪ್ಪಟೆಯಾಗಿ, ಗೆರೆಯ ಅಂಚಿಗೆ, ಇಂದೇ ಕೊನೆಯ ದಿನವೆಂಬಂತೆ ಹೊಡೆದರು. 6-2, 6-7, 6-4, 7-6. ಕೊನೆಯಲ್ಲಿ ನೆಟ್ ಬಳಿಗೆ ಬಂದ ನಡಾಲ್ ಆಡಿದ ವಾಲಿ ಗೆರೆಯಾಚೆ ಬಿತ್ತು. ಆಗ ನಡಾಲ್ ಅವರ ಮಂಡಿ ನೋಯುತ್ತಿತ್ತು ಎಂಬುದೂ ನಿಜ; ಆ ವರ್ಷದ ವಿಂಬಲ್ಡನ್‌ನಲ್ಲಿ ಅವರು ಆಡಲಿಲ್ಲ. ಆದರೆ ಮಂಡಿನೋವಿನ ನೆಪವೊಂದೇ ಈ ಫಲಿತಾಂಶವನ್ನು ವಿವರಿಸಲಾರದು. ಅದೇ ವರ್ಷದ ಕೊನೆಯಲ್ಲಿ ಲಂಡನ್ನಿನ ಎಟಿಪಿ ವರ್ಷಾಂತ್ಯದ ಟೂರ್ನಿಯಲ್ಲಿ ಸೋಡರ್ಲಿಂಗ್ ನಡಾಲ್ ಅವರನ್ನೂ ಜೊಕೊವಿಚ್ ಅವರನ್ನೂ ನೇರ ಸೆಟ್‌ಗಳಲ್ಲಿ ಸೋಲಿಸಿದರು.

ಪ್ಯಾರಿಸ್‌ನಲ್ಲಿ ಅವರು ಅಲ್ಲಿಗೇ ನಿಲ್ಲಲಿಲ್ಲ. ನಿಕೊಲಾಯ್ ಡೇವಿಡೆಂಕೊ ಅವರನ್ನು ಮೂರು ಸೆಟ್‌ಗಳಲ್ಲಿ, ಫರ್ನಾಂಡೊ ಗೊಂಜಾಲೆಜ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ಫೈನಲ್ ತಲುಪಿದರು. ಅಲ್ಲಿ ಎದುರಾದದ್ದು ಫೆಡರರ್. ಫೆಡರರ್ ಗೆದ್ದರು. ಫ್ರೆಂಚ್ ಓಪನ್‌ನಲ್ಲಿ ಅವರಿಗೆ ದಕ್ಕಿದ ಏಕೈಕ ಪ್ರಶಸ್ತಿ ಅದು. ಪೀಟ್ ಸಾಂಪ್ರಾಸ್ ಅವರ 14 ಗ್ರ್ಯಾನ್‌ಸ್ಲಾಮ್‌ಗಳ ದಾಖಲೆಯನ್ನು ಸರಿಗಟ್ಟಿದ ಗೆಲುವೂ ಹೌದು. ಮರುದಿನದ ಶೀರ್ಷಿಕೆ ಏನಿತ್ತೆಂದು ಹೇಳಬೇಕಿಲ್ಲ. ಸೋಡರ್ಲಿಂಗ್ ಮತ್ತೆ ಎರಡನೇ ಸಾಲಿಗೆ ಹೋದರು.

2010ರಲ್ಲಿ ಅದೇ ಕತೆ ತಿರುಗುಮುರುಗಾಗಿ ನಡೆಯಿತು. ಈ ಸಲ ಕ್ವಾರ್ಟರ್ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಹಾಲಿ ಚಾಂಪಿಯನ್ ಫೆಡರರ್ ಅವರನ್ನು. 2004ರ ವಿಂಬಲ್ಡನ್‌ನಿಂದ ಸತತ 23 ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಸೆಮಿಫೈನಲ್ ತಲುಪಿದ್ದ ಫೆಡರರ್ ಅವರ ಓಟ ಅಲ್ಲಿಗೆ ನಿಂತಿತು. ಆ ಟೂರ್ನಿಯ ನಂತರ ಅಗ್ರ ಕ್ರಮಾಂಕವೂ ಅವರ ಕೈತಪ್ಪಿತು. ಸಾಂಪ್ರಾಸ್ ಅವರ 286 ವಾರಗಳ ದಾಖಲೆಗೆ ಆಗ ಒಂದೇ ವಾರ ಬಾಕಿಯಿತ್ತು. ಆದರೆ ಫೈನಲ್‌ನಲ್ಲಿ ಸೋಡರ್ಲಿಂಗ್ ಅವರಿಗಾಗಿ ಕಾದಿದ್ದವರು ನಡಾಲ್. ಹಿಂದಿನ ವರ್ಷದ ಲೆಕ್ಕವನ್ನು ಅವರು ನೇರ ಸೆಟ್‌ಗಳಲ್ಲಿ ಚುಕ್ತಾ ಮಾಡಿದರು. ಸತತ ಎರಡು ವರ್ಷ ಹಾಲಿ ಚಾಂಪಿಯನ್ನರನ್ನು ಹೊರದಬ್ಬಿ, ಎರಡೂ ವರ್ಷ ಫೈನಲ್‌ನಲ್ಲಿ ಸೋತು ಬರಿಗೈಯಲ್ಲಿ ಮರಳಿದ ಇನ್ನೊಬ್ಬ ಆಟಗಾರನನ್ನು ನಾನು ನೋಡಿಲ್ಲ. ಒಬ್ಬ ದಿಗ್ಗಜನನ್ನು ಕೆಡವಿ ಇನ್ನೊಬ್ಬ ದಿಗ್ಗಜನಿಗೆ ದಾರಿ ಮಾಡಿಕೊಟ್ಟರು ಎಂದೇ ಜನ ಅವರನ್ನು ನೆನಪಿಟ್ಟುಕೊಂಡರು.

ಈ ನಡುವೆ ಅವರನ್ನು ಕಣ್ಣಾರೆ ನೋಡುವ ನನ್ನದೊಂದು ಪ್ರಯತ್ನವೂ ನಡೆದಿತ್ತು. 2010ರ ಜನವರಿಯಲ್ಲಿ ಸೋಡರ್ಲಿಂಗ್ ಚೆನ್ನೈ ಓಪನ್‌ಗೆ ಅಗ್ರ ಶ್ರೇಯಾಂಕಿತ ಆಟಗಾರರಾಗಿ ಬಂದಿದ್ದರು. ಗೆಳೆಯನೊಬ್ಬನ ಮೂಲಕ ವಾರಾಂತ್ಯಕ್ಕೆ ಎರಡು ಟಿಕೆಟ್ ತರಿಸಿ, ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಸೀಟು ಕಾಯ್ದಿರಿಸಿದ್ದೆ. ಅಗ್ರ ಶ್ರೇಯಾಂಕಿತರು ಹೇಗೂ ಸೆಮಿಫೈನಲ್‌ವರೆಗೆ ಇದ್ದೇ ಇರುತ್ತಾರೆಂಬ ಲೆಕ್ಕಾಚಾರ ನನ್ನದು. ಅವರು ಮೊದಲ ಸುತ್ತಿನಲ್ಲೇ ಅಮೆರಿಕದ ರಾಬಿ ಜಿನೆಪ್ರಿಗೆ ಸೋತರು. ನಾನು ನುಂಗಂಬಾಕ್ಕಂ ಕ್ರೀಡಾಂಗಣ ತಲುಪುವ ಹೊತ್ತಿಗೆ ಅವರು ಆಸ್ಟ್ರೇಲಿಯಾದ ಹಾದಿ ಹಿಡಿದಾಗಿತ್ತು. ಅಲ್ಲಿಯೂ ಮೊದಲ ಸುತ್ತಿನಲ್ಲೇ, ಎರಡು ಸೆಟ್ ಮುಂದಿದ್ದೂ ಸೋತರು. ‘ಅದೃಷ್ಟದ ಗಾಳಿ ಬೀಸಿತ್ತು, ಈಗ ನಿಂತಿತು’ ಎಂದು ಕಚೇರಿಯಲ್ಲಿ ನಾವು ಷರಾ ಬರೆದೆವು. ಐದೇ ತಿಂಗಳಲ್ಲಿ ಅವರು ಮತ್ತೆ ಪ್ಯಾರಿಸ್ ಫೈನಲ್‌ನಲ್ಲಿದ್ದರು. ನವೆಂಬರ್‌ನಲ್ಲಿ ಪ್ಯಾರಿಸ್ ಮಾಸ್ಟರ್ಸ್ ಗೆದ್ದು ವಿಶ್ವದ ನಾಲ್ಕನೇ ಕ್ರಮಾಂಕಕ್ಕೆ ಏರಿದರು. ಫೆಡರರ್, ನಡಾಲ್, ಜೊಕೊವಿಚ್ ಮೂವರೂ ಆಳುತ್ತಿದ್ದ ಆ ಕಾಲದಲ್ಲಿ ನಾಲ್ಕನೆಯವನಾಗುವುದೆಂದರೆ ಉಳಿದವರ ಪೈಕಿ ಮೊದಲಿಗನಾಗುವುದು. ಅವರ ನಂತರ ಸ್ವೀಡನ್ನಿನ ಯಾವ ಪುರುಷ ಆಟಗಾರನೂ ಮೊದಲ ಹತ್ತರ ಒಳಗೆ ಬಂದಿಲ್ಲ.

ಟೆನಿಸ್ಸಿನ ಕ್ರಮಾಂಕ ಪದ್ಧತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅದನ್ನು ತಿಳಿಯದೆ ಮುಂದಿನದು ಅರ್ಥವಾಗದು. ಆಟಗಾರನೊಬ್ಬ ಗಳಿಸಿದ ಅಂಕಗಳು ಅವನ ಖಾತೆಯಲ್ಲಿ ಉಳಿಯುವುದು 52 ವಾರ ಮಾತ್ರ. ಗ್ರ್ಯಾನ್‌ಸ್ಲಾಮ್ ಫೈನಲ್ ತಲುಪಿದ್ದಕ್ಕೆ ಆಗ ಸಿಗುತ್ತಿದ್ದ 1,200 ಅಂಕಗಳು ಮರುವರ್ಷ ಅದೇ ಟೂರ್ನಿ ಬಂದಾಗ ಅಳಿಸಿಹೋಗುತ್ತವೆ. ಮತ್ತೆ ಅಷ್ಟೇ ದೂರ ಬಂದರೆ ಮಾತ್ರ ಇದ್ದಲ್ಲೇ ಉಳಿಯಬಹುದು. ಹೀಗಾಗಿ ಇಲ್ಲಿ ಗೆಲುವು ಎಂಬುದು ಗಂಟು ಕಟ್ಟಿಡುವ ಸಂಪಾದನೆಯಲ್ಲ, ವರ್ಷದೊಳಗೆ ತೀರಿಸಬೇಕಾದ ಸಾಲ. ಹೆಚ್ಚು ಗೆದ್ದವನಿಗೆ ಹೆಚ್ಚು ಸಾಲ. ಸುಸ್ತಾಗಿದೆ ಎಂದು ಎರಡು ತಿಂಗಳು ಮನೆಯಲ್ಲಿ ಕುಳಿತರೆ ಹೆಸರು ಕೆಳಗೆ ಜಾರುತ್ತದೆ. ಜಾರಿದವನಿಗೆ ಟೂರ್ನಿಯ ಆರಂಭದ ಸುತ್ತುಗಳಲ್ಲೇ ಬಲಿಷ್ಠರು ಎದುರಾಗುತ್ತಾರೆ.

2011ರ ಮೊದಲ ಎರಡು ತಿಂಗಳಲ್ಲಿ ಸೋಡರ್ಲಿಂಗ್ ಬ್ರಿಸ್ಬೇನ್, ರೋಟರ್‌ಡ್ಯಾಮ್, ಮಾರ್ಸೆ, ಹೀಗೆ ಮೂರು ಪ್ರಶಸ್ತಿ ಗೆದ್ದರು. ಹೊರಗಿನಿಂದ ನೋಡುವವರಿಗೆ ಅದು ಏರುಗತಿಯ ವರ್ಷ. ಆದರೆ ವಸಂತ ಕಳೆಯುತ್ತಿದ್ದಂತೆ ಆಟ ಕಳೆಗುಂದತೊಡಗಿತು. ವಿಂಬಲ್ಡನ್ ಎರಡನೇ ಸುತ್ತಿನಲ್ಲಿ ಲೀಟನ್ ಹೆವಿಟ್ ಎದುರು ಎರಡು ಸೆಟ್ ಹಿಂದಿದ್ದು ಹೇಗೋ ಗೆದ್ದರು. ಮುಂದಿನ ಸುತ್ತಿನಲ್ಲಿ ಅರ್ಹತಾ ಸುತ್ತಿನಿಂದ ಬಂದಿದ್ದ 18ರ ಹುಡುಗ ಬರ್ನಾರ್ಡ್ ಟಾಮಿಕ್‌ಗೆ ನೇರ ಸೆಟ್‌ಗಳಲ್ಲಿ ಸೋತರು. ಜುಲೈನಲ್ಲಿ ತಮ್ಮ ದೇಶದ ಕಡಲತೀರದ ಊರು ಬೋಸ್ಟಾಡ್‌ಗೆ ಬಂದರು. ಸೆಮಿಫೈನಲ್‌ನಲ್ಲಿ ಟೊಮಾಸ್ ಬರ್ಡಿಕ್ ಅವರನ್ನು 6-1, 6-0ಯಿಂದಲೂ ಫೈನಲ್‌ನಲ್ಲಿ ಡೇವಿಡ್ ಫೆರರ್ ಅವರನ್ನು 6-2, 6-2ರಿಂದಲೂ ಸೋಲಿಸಿದರು. ಇಬ್ಬರೂ ಆಗ ವಿಶ್ವದ ಮೊದಲ ಹತ್ತರಲ್ಲಿದ್ದವರು. ಅಂದು ಜುಲೈ 17. ಅದು ಅವರ ಹತ್ತನೇ ಪ್ರಶಸ್ತಿ. ವಯಸ್ಸು 26, ಇನ್ನು ನಾಲ್ಕು ವಾರಕ್ಕೆ 27 ತುಂಬಲಿತ್ತು.

ಅದೇ ಅವರ ಕೊನೆಯ ಪಂದ್ಯವಾಯಿತು.

ಆಗಸ್ಟ್ ಕೊನೆಯಲ್ಲಿ ಅವರು ಅಮೆರಿಕ ಓಪನ್‌ಗೆಂದು ನ್ಯೂಯಾರ್ಕ್‌ವರೆಗೆ ಹೋಗಿ, ಅನಾರೋಗ್ಯದ ಕಾರಣ ಕೊಟ್ಟು ಆಡದೆ ಹಿಂದೆ ಸರಿದರು. ಮಾನೊನ್ಯೂಕ್ಲಿಯೋಸಿಸ್ ಎಂಬ ಗ್ರಂಥಿ ಜ್ವರ ಎಂದು ಸುದ್ದಿ ಬಂತು. ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸಿನಿಂದ, ಹೆಚ್ಚಾಗಿ ಎಂಜಲಿನ ಮೂಲಕ ಹರಡುವ ಕಾಯಿಲೆ ಇದು. ಜ್ವರ, ಗಂಟಲುನೋವು, ಕತ್ತಿನ ಗ್ರಂಥಿಗಳ ಊತ. ಕೆಲವರಲ್ಲಿ ಗುಲ್ಮವೂ ಊದಿಕೊಳ್ಳುತ್ತದೆ. ಇದಕ್ಕೆಂದೇ ಇರುವ ಔಷಧಿಯಿಲ್ಲ. ವಿಶ್ರಾಂತಿಯೇ ಮದ್ದು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಬಳಲಿಕೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಫೆಡರರ್ ಅವರಿಗೂ 2008ರ ಆರಂಭದಲ್ಲಿ ಇದೇ ಜ್ವರ ಬಂದಿತ್ತು. ಅವರು ಅದೇ ವರ್ಷ ಅಮೆರಿಕ ಓಪನ್ ಗೆದ್ದರು. ಕ್ರೊಯೇಷಿಯಾದ ಮಾರಿಯೊ ಆ್ಯನ್‌ಸಿಚ್ ಅವರನ್ನೂ ಈ ಜ್ವರ ಕಾಡಿತ್ತು. ಅವರು 2011ರಲ್ಲಿ, ಇನ್ನೂ 26ರ ಹರೆಯದಲ್ಲಿ ರ್‍ಯಾಕೆಟ್ ಕೆಳಗಿಟ್ಟರು. ಒಂದೇ ಕಾಯಿಲೆ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಆದರೆ ‘ಫೆಡರರ್ ಎದ್ದು ಬಂದರಲ್ಲ, ಇವರಿಗೇನು?’ ಎಂಬ ಪ್ರಶ್ನೆ ಅಭಿಮಾನಿಗಳ ಬಾಯಲ್ಲಿ ವರ್ಷಗಟ್ಟಲೆ ಇತ್ತು. ನನ್ನ ಬಾಯಲ್ಲೂ ಇತ್ತು.

2012ರ ಬೇಸಿಗೆ ಬರುವ ಹೊತ್ತಿಗೆ 52 ವಾರ ತುಂಬಿ ಅವರ ಅಂಕಗಳೆಲ್ಲ ಅಳಿದವು. ಒಂದು ವರ್ಷದ ಹಿಂದೆ ಮೊದಲ ಐವರ ನಡುವೆ ಓಡಾಡಿದ ಹೆಸರು ಪಟ್ಟಿಯಿಂದಲೇ ಮಾಯವಾಯಿತು. ಈ ವರ್ಷ ಬರುತ್ತಾರೆ, ಮುಂದಿನ ವರ್ಷ ಬರುತ್ತಾರೆ ಎಂಬ ಸುದ್ದಿಗಳು ಬರುತ್ತಲೇ ಇದ್ದವು. ಕೊನೆಗೆ 2015ರ ಡಿಸೆಂಬರ್‌ನಲ್ಲಿ, 31ನೇ ವಯಸ್ಸಿನಲ್ಲಿ, ಅವರು ನಿವೃತ್ತಿ ಪ್ರಕಟಿಸಿದರು. ಆ ಸುದ್ದಿಯನ್ನು ಪುಟಕ್ಕೆ ಹಾಕಿದವನೂ ನಾನೇ. ‘ಸಂಕ್ಷಿಪ್ತ ಸುದ್ದಿ’ ಎಂಬ ತಲೆಬರಹದಡಿ ನಾಲ್ಕು ಸಾಲು. ಅದರಲ್ಲಿ ಒಂದೂವರೆ ಸಾಲು ‘2009ರಲ್ಲಿ ನಡಾಲ್ ಅವರನ್ನು ಸೋಲಿಸಿದ್ದ’ ಎಂಬ ವಿಶೇಷಣಕ್ಕೇ ಹೋಗಿತ್ತು.

ಜ್ವರ ಕತೆಯ ಅರ್ಧ ಮಾತ್ರ ಎಂದು ನಮಗೆಲ್ಲ ತಿಳಿದದ್ದು 2020ರಲ್ಲಿ, ಸೋಡರ್ಲಿಂಗ್ ತಾವಾಗಿಯೇ ಬಾಯಿಬಿಟ್ಟಾಗ. ಆ ದಿನಗಳಲ್ಲಿ ತಮ್ಮನ್ನು ತಿಂದುಹಾಕಿದ್ದು ತೀವ್ರ ಆತಂಕ ಎಂದು ಅವರು ಹೇಳಿಕೊಂಡರು. ಸೋಲಬಹುದೆಂಬ ಭಯ, ಗೆಲ್ಲಲೇಬೇಕೆಂಬ ಒತ್ತಡ, ವಿಶ್ರಾಂತಿಯಿಲ್ಲದ ತರಬೇತಿ. ಇವೆಲ್ಲ ಸೇರಿ ಕಟ್ಟು ಒಡೆದಿತ್ತು. ಮನೆಯಲ್ಲಿ ಶೂನ್ಯವನ್ನೇ ದಿಟ್ಟಿಸುತ್ತ ಕುಳಿತಿರುತ್ತಿದ್ದರಂತೆ. ಬಾಗಿಲ ಬಳಿ ಅಂಚೆಯ ಲಕೋಟೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದರಂತೆ. ಫೋನ್ ಗಂಟೆ ಬಾರಿಸಿದರೆ ಭಯದಿಂದ ನಡುಗುತ್ತಿದ್ದರಂತೆ. ಒಂದು ಕಾಲದಲ್ಲಿ ಹದಿನೈದು ಸಾವಿರ ಜನರ ಮುಂದೆ ನಡಾಲ್ ಅವರ ಸರ್ವ್‌ಗೆ ಎದೆಗೊಟ್ಟು ನಿಂತ ಮನುಷ್ಯ ಅವರೇ.

ಇದನ್ನು ಓದಿದ ದಿನ ಬೋಸ್ಟಾಡ್ ಫೈನಲ್‌ನ ಅಂಕಿಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. 6-2, 6-2. ಆ ಅಂಕಿಗಳಲ್ಲಿ ಕುಸಿತದ ಒಂದು ಸುಳಿವೂ ಇಲ್ಲ. ನಾವು ಕ್ರೀಡಾ ಪತ್ರಕರ್ತರು ಅಂಕಿಗಳನ್ನು ನಂಬುವವರು. ಅಂಕಿ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮ ಗಾದೆ. ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ. ಕಚೇರಿಗೆ ಸರಿಯಾದ ಹೊತ್ತಿಗೆ ಬಂದು, ಎಲ್ಲ ಕಡತ ಮುಗಿಸಿ, ನಗುನಗುತ್ತ ಮನೆಗೆ ಹೋಗುವ ಮನುಷ್ಯ ಒಳಗೆ ಯಾವ ಸ್ಥಿತಿಯಲ್ಲಿದ್ದಾನೆಂದು ಹಾಜರಿ ಪುಸ್ತಕ ಹೇಳುತ್ತದೆಯೇ?

ಸ್ವಂತದ ಮಾತೊಂದನ್ನು ಇಲ್ಲಿ ಸೇರಿಸಿದರೆ ಅಪ್ರಸ್ತುತವಾಗಲಾರದು. 2006ರಲ್ಲಿ ನಮ್ಮ ರಾಜ್ಯದ ಉದ್ದಗಲಕ್ಕೂ ಚಿಕುನ್‌ಗುನ್ಯಾ ಹಬ್ಬಿದಾಗ ನಾನೂ ಮಲಗಿದ್ದೆ. ಜ್ವರ ಐದು ದಿನಕ್ಕೆ ಬಿಟ್ಟಿತು. ಗಂಟುನೋವು ಐದು ತಿಂಗಳು ಬಿಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಕೆಲಸಕ್ಕೆ ಮರಳಿದ ನನಗೆ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: ‘ಜ್ವರ ಬಿಟ್ಟಿತಲ್ಲ, ಇನ್ನೇನ್ರೀ?’ ಆ ಮಾತು ನನ್ನನ್ನು ಎಷ್ಟು ನೋಯಿಸಿತ್ತೆಂದರೆ ಇಂದಿಗೂ ಅದರ ಧ್ವನಿ ನೆನಪಿದೆ. ಆದರೆ ಕೆಲವು ವರ್ಷಗಳ ನಂತರ ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬ ಬಂದು, ‘ರಾತ್ರಿ ನಿದ್ದೆ ಬರುತ್ತಿಲ್ಲ ಸಾರ್, ಒಂದು ತಿಂಗಳು ರಜೆ ಬೇಕಿತ್ತು’ ಎಂದಾಗ ನಾನು ಹೇಳಿದ್ದೇನು? ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲಪ್ಪ. ವಿಶ್ವಕಪ್ ಮುಗಿಯಲಿ, ಆಮೇಲೆ ನೋಡೋಣ.’ ವಿಶ್ವಕಪ್ ಮುಗಿಯುವ ಮೊದಲೇ ಅವನು ಕೆಲಸ ಬಿಟ್ಟು ಊರಿಗೆ ಹೋದ. ಅವನನ್ನು ಕರೆದು ಒಂದು ಮಾತು ಕೇಳಬೇಕೆಂದು ನನಗಾಗ ತೋಚಲಿಲ್ಲ. ನನಗೆ ನೋವು ಕೊಟ್ಟ ಮಾತನ್ನೇ ನಾನು ಬೇರೆ ಪದಗಳಲ್ಲಿ ಆಡಿದ್ದೇನೆಂಬುದು ಹೊಳೆದದ್ದು ಸೋಡರ್ಲಿಂಗ್ ಕತೆ ಓದಿದ ಮೇಲೆ.

ಸೋಡರ್ಲಿಂಗ್ ಅವರಿಗಿಂತ ಮೂರು ದಶಕ ಮೊದಲು ಸ್ವೀಡನ್ ಇಂಥದ್ದೇ ಇನ್ನೊಂದು ನಿರ್ಗಮನವನ್ನು ಕಂಡಿತ್ತು. 1981ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಫೈನಲ್‌ಗಳೆರಡರಲ್ಲೂ ಜಾನ್ ಮೆಕೆನ್ರೊಗೆ ಸೋತ ಬೋರ್ಗ್, ನ್ಯೂಯಾರ್ಕ್‌ನಲ್ಲಿ ಬಹುಮಾನ ವಿತರಣೆಗೂ ಕಾಯದೆ ಹೊರನಡೆದರು. 1983ರ ಜನವರಿಯಲ್ಲಿ, 26ನೇ ವಯಸ್ಸಿನಲ್ಲಿ ನಿವೃತ್ತರಾದರು. ಆಟದಲ್ಲಿ ಸಂತೋಷ ಉಳಿದಿಲ್ಲವೆಂಬುದೇ ಅವರ ಕಾರಣ. ಜಗತ್ತು ಅದನ್ನು ನಂಬಲಿಲ್ಲ. ಇಷ್ಟು ಹಣ, ಇಷ್ಟು ಕೀರ್ತಿ, ಇಂಥ ವಯಸ್ಸು, ಬಿಡುವುದುಂಟೇ ಎಂದಿತು. ಎಂಟು ವರ್ಷಗಳ ನಂತರ ಅವರು ಹಳೆಯ ಮರದ ರ್‍ಯಾಕೆಟ್ ಹಿಡಿದು ಮರಳಿ ಬಂದು ಮಾಂಟೆಕಾರ್ಲೊದಲ್ಲಿ ಮೊದಲ ಪಂದ್ಯವನ್ನೇ ಸೋತಾಗ ನಕ್ಕವರೇ ಹೆಚ್ಚು. ‘ಮಂಜಿನ ಮನುಷ್ಯ’ ಎಂದು ನಾವು ಅವರನ್ನು ಹೊಗಳುತ್ತಿದ್ದೆವು. ಮಂಜಿನ ಅಡಿಯಲ್ಲಿ ಏನಿದೆ ಎಂದು ಕೇಳುವ ರೂಢಿ ಆಗ ಇರಲಿಲ್ಲ.

ಈಗ ಆ ರೂಢಿ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. 2012ರ ಅಮೆರಿಕ ಓಪನ್‌ನಲ್ಲಿ ಫೆಡರರ್ ವಿರುದ್ಧ ಆಡಬೇಕಿದ್ದ ಮಾರ್ಡಿ ಫಿಶ್ ಕಣಕ್ಕಿಳಿಯದೆ ಹಿಂದೆ ಸರಿದರು. ಕಾರಣ ತೀವ್ರ ಆತಂಕ ಎಂಬುದನ್ನು ನಂತರ ಬಹಿರಂಗವಾಗಿ ಬರೆದರು. 2021ರಲ್ಲಿ ನವೊಮಿ ಒಸಾಕ ಮಾನಸಿಕ ಸ್ವಾಸ್ಥ್ಯದ ಕಾರಣ ಹೇಳಿ ಫ್ರೆಂಚ್ ಓಪನ್‌ನಿಂದ ಹೊರನಡೆದರು. 2022ರಲ್ಲಿ ಆ್ಯಶ್ಲಿ ಬಾರ್ಟಿ ವಿಶ್ವದ ಅಗ್ರ ಕ್ರಮಾಂಕದಲ್ಲಿದ್ದಾಗಲೇ, 25ನೇ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಇವರನ್ನು ಹಳಿದವರೂ ಇದ್ದಾರೆ. ಎಳೆಯರಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ, ಹಿಂದಿನವರು ಹೀಗಿರಲಿಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಪೂರ್ತಿ ತಳ್ಳಿಹಾಕಲಾರೆ. ಕಷ್ಟವನ್ನು ಸಹಿಸದೆ ಯಾವ ವಿದ್ಯೆಯೂ ಒಲಿಯುವುದಿಲ್ಲ. ನಡಾಲ್ ಅವರೇ ಜೀವಮಾನವಿಡೀ ನೋವಿನೊಡನೆ ಆಡಿದವರು. ಆದರೆ ಹಿಂದಿನವರು ಹೀಗಿರಲಿಲ್ಲವೇ ಅಥವಾ ಹೇಳಿಕೊಳ್ಳಲಿಲ್ಲವೇ? ಬೋರ್ಗ್ ಅವರನ್ನು ನೆನೆದರೆ ಎರಡನೆಯದೇ ಸತ್ಯವೆನ್ನಿಸುತ್ತದೆ. ಸಹಿಸುವುದಕ್ಕೂ ಮುಚ್ಚಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮಂಡಿನೋವು ಎಂದರೆ ಸಹಾನುಭೂತಿ ತೋರುವ ನಾವು, ಮನಸ್ಸು ಸೋತಿದೆ ಎಂದರೆ ನೆಪವೆನ್ನುತ್ತೇವೆ. ಆಟಗಾರರು ಹೇಳಿಕೊಳ್ಳಬಹುದಾದ ಕಾಯಿಲೆಗಳ ಪಟ್ಟಿಯನ್ನು ಅವರಿಗಿಂತ ಮೊದಲು ನಾವೇ ಬರೆದಿಟ್ಟಿದ್ದೇವೆ.

ನಮ್ಮ ಮಕ್ಕಳ ವಿಷಯದಲ್ಲೂ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೇ? ಹತ್ತನೇ ತರಗತಿಯಲ್ಲಿ ಶೇ 95 ತೆಗೆದ ಹುಡುಗಿಗೆ ಆ ಅಂಕ ಹನ್ನೆರಡನೇ ತರಗತಿಯ ಸಾಲವಾಗುತ್ತದೆ. ಪ್ರವೇಶ ಪರೀಕ್ಷೆಯ ರ್‍ಯಾಂಕ್ ಮುಂದಿನ ಕಾಲೇಜಿನ ಸಾಲವಾಗುತ್ತದೆ. ಟೆನಿಸ್ಸಿನ 52 ವಾರಗಳ ಲೆಕ್ಕವನ್ನು ನಾವು ಮನೆಯೊಳಗೇ ತಂದಿಟ್ಟುಕೊಂಡಿದ್ದೇವೆ. ಮಗು ಓದುತ್ತಿದೆ, ಅಂಕ ಬರುತ್ತಿದೆ ಎಂದರೆ ಎಲ್ಲವೂ ಸರಿಯಿದೆ ಎಂದು ತಿಳಿಯುತ್ತೇವೆ. ಬೋಸ್ಟಾಡ್‌ನ 6-2, 6-2 ಇಂಥ ಪೋಷಕರೆಲ್ಲರೂ ಒಮ್ಮೆ ನೋಡಬೇಕಾದ ಅಂಕಪಟ್ಟಿ.

ಸೋಡರ್ಲಿಂಗ್ ಕತೆ ದುರಂತವಲ್ಲ ಎಂಬುದನ್ನೂ ಹೇಳಿಬಿಡಬೇಕು. ನಿಧಾನವಾಗಿ, ವರ್ಷಗಳ ಹೋರಾಟದ ನಂತರ ಅವರು ಚೇತರಿಸಿಕೊಂಡರು. ಟೆನಿಸ್ ಚೆಂಡು ತಯಾರಿಸುವ ತಮ್ಮದೇ ಉದ್ಯಮ ಆರಂಭಿಸಿದರು. ತಮ್ಮ ದೇಶದ ಕಿರಿಯ ಆಟಗಾರ ಇಲಿಯಾಸ್ ಯಮರ್‌ಗೆ ತರಬೇತಿ ಕೊಟ್ಟರು. ತಮಗಾದದ್ದನ್ನು ಎಳೆಯರಿಗೆ ತಿಳಿಯುವಂತೆ ಬಾಯಿಬಿಟ್ಟು ಹೇಳಿದರು. ಒರಟನೆಂದು ಹೆಸರಾಗಿದ್ದ, ಎದುರಾದವರಿಗೆ ನಮಸ್ಕಾರವನ್ನೂ ಹೇಳುವುದಿಲ್ಲವೆಂದು ದೂರು ಹೊತ್ತಿದ್ದ ವ್ಯಕ್ತಿ ತನ್ನ ಅತ್ಯಂತ ದುರ್ಬಲ ಗಳಿಗೆಯನ್ನು ಲೋಕದ ಮುಂದೆ ಬಿಚ್ಚಿಟ್ಟದ್ದು, ನನ್ನ ಮಟ್ಟಿಗೆ, ನಡಾಲ್ ಅವರನ್ನು ಸೋಲಿಸಿದ್ದಕ್ಕಿಂತ ಸಣ್ಣ ಸಾಧನೆಯಲ್ಲ.

2009ರ ಆ ರಾತ್ರಿಯ ಪುಟ ಇಂದು ಮತ್ತೆ ನನ್ನ ಕೈಗೆ ಬಂದರೂ ಶೀರ್ಷಿಕೆಯನ್ನು ನಾನು ಬದಲಿಸಲಾರೆ. ನಡಾಲ್ ಸೋತದ್ದೇ ಅಂದಿನ ಸುದ್ದಿ. ಬದಲಿಸಬೇಕೆನ್ನಿಸುವುದು 2015ರ ಡಿಸೆಂಬರ್ ತಿಂಗಳ ಆ ನಾಲ್ಕು ಸಾಲುಗಳನ್ನು. ವಿಶ್ವದ ನಾಲ್ಕನೇ ಕ್ರಮಾಂಕಕ್ಕೆ ಏರಿದ್ದ ಆಟಗಾರ 26ನೇ ವಯಸ್ಸಿನಲ್ಲಿ, ಗೆದ್ದ ಮರುದಿನದಿಂದ ಆಡಲಾಗದೆ ಹೋದದ್ದು ಏಕೆ ಎಂಬ ಪ್ರಶ್ನೆಯೊಂದು ಅಲ್ಲಿರಬೇಕಿತ್ತು. ಆ ಪ್ರಶ್ನೆ ಕೇಳುವ ಅಭ್ಯಾಸ ನನಗಿದ್ದಿದ್ದರೆ, ನಿದ್ದೆ ಬರುತ್ತಿಲ್ಲವೆಂದು ಬಂದು ನಿಂತ ಹುಡುಗನಿಗೂ ವಿಶ್ವಕಪ್ ಮುಗಿಯಲಿ ಎನ್ನುತ್ತಿರಲಿಲ್ಲ. ಮೊನ್ನೆ ಹಳೆಯ ಡೈರಿಯಲ್ಲಿ ಅವನ ಊರಿನ ವಿಳಾಸ ಸಿಕ್ಕಿತು. ಕಾಗದ ಬರೆದಿದ್ದೇನೆ.